ಎಡಸುತ್ತಿನ ಟ್ಯಾಂಗೋ

ಮೊನ್ನೆ ಭಾನುವಾರ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ಖಾಲಿ ಮಾಡುತ್ತಿದ್ದೆ. ಮಾಡುತ್ತಿದ್ದೆ ಅಂದರೆ, ಹೆಂಡತಿ ಮಾಡಿಸುತ್ತಿದ್ದಳು. ಹೋಟೆಲಿನಿಂದ ತಪಾವ್, ಅಂದರೆ ಇಲ್ಲಿಯವರ ಪಾರ್ಸೆಲ್, ಕಟ್ಟಿಸಿಕೊಂಡು ಬಂದ ಪ್ಲಾಸ್ಟಿಕ್ ಡಬ್ಬಿಗಳು ಒಂದರೊಳಗೊಂದು ಕೂತು ಗೋಪುರವಾಗಿದ್ದವು. ನಮ್ಮ ಮನೆಯಲ್ಲಿ ಪಾರ್ಸೆಲ್ ಡಬ್ಬಿ ಬಿಸಾಡುವ ಪದ್ಧತಿ ಇಲ್ಲ, ನಿಮ್ಮ ಮನೆಯಲ್ಲೂ ಇರಲಿಕ್ಕಿಲ್ಲ. ಆ ಗೋಪುರದ ಹಿಂದೆ ಕೈಗೆ ಸಿಕ್ಕಿದ್ದು ಒಂದು ಕೇರಂ ಪೌಡರ್ ಡಬ್ಬಿ. ಅಲ್ಲಾಡಿಸಿದರೆ ಒಳಗೆ ಇನ್ನೂ ಪುಡಿ ಇತ್ತು.

"ನಮ್ಮನೇಲಿ ಕೇರಂ ಬೋರ್ಡೇ ಇಲ್ವಲ್ರೀ, ಇದ್ಯಾಕೆ ಬಂತು?" ಅಂದಳು ಹೆಂಡತಿ.

"ಟ್ಯಾಂಗೋಗೆ" ಅಂದೆ.

ಅವಳು ನನ್ನ ಮುಖವನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿದಳು. ನಗುವುದಕ್ಕೆ ಬಾಯಿ ತೆಗೆದವಳಿಗೆ ಏನೋ ನೆನಪಾಯಿತು. ಡಬ್ಬಿ ಇಸಿದುಕೊಂಡು, ಬಟ್ಟೆಯಲ್ಲಿ ಒರೆಸಿ, ಮತ್ತೆ ಕಪಾಟಿನೊಳಗೇ ಇಟ್ಟಳು. "ಇದನ್ನ ಬಿಸಾಕ್ಬೇಡಿ."

ನೀವು ನಗುವುದಿದ್ದರೆ ಈಗಲೇ ನಕ್ಕುಬಿಡಿ. ಐವತ್ತು ದಾಟಿದ, ಸಂಬಳದ ಲೆಕ್ಕ ಬರೆಯುವ, ಮೈಸೂರಿನ ಶ್ರೀಕಂಠ ಎಂಬ ಗುಂಡು ಮನುಷ್ಯ ಟ್ಯಾಂಗೋ ಕಲಿತಿದ್ದಾನೆ. ಅದೂ ಹೆಂಗಸಿನ ಪಾತ್ರ. ಆಮೇಲೆ ನಗಲು ಜಾಸ್ತಿ ಸಿಗುವುದಿಲ್ಲ, ಮೊದಲೇ ಹೇಳಿದ್ದೇನೆ.

ಆ ಪೌಡರ್ ತಂದದ್ದು ನಾನಲ್ಲ, ಪ್ರಲ್ಹಾದ್ ರಾವ್. ಧಾರವಾಡದವರು. ಬಿಸ್ಕತ್ತು ಪ್ಯಾಕ್ ಮಾಡುವ ಯಂತ್ರಗಳನ್ನು ಜೋಡಿಸಿ, ಓಡಿಸಿ ತೋರಿಸಿ, ಕೀಲಿ ಒಪ್ಪಿಸಿ ಬರುವುದು ಅವರ ಕೆಲಸ. ನಾವಿರುವ ಈ ಪರದೇಶದ ಊರು, ಪೆಟಾಲಿಂಗ್ ಜಯಾದ ಒಂದು ಫ್ಯಾಕ್ಟರಿಗೆ ಕೆಲವೇ ವಾರಗಳ ಮಟ್ಟಿಗೆ ಬಂದಿದ್ದರು. ಅಷ್ಟರಲ್ಲಿ ಕೊರೋನಾ ಬಂತು, ಊರೆಲ್ಲ ಬಂದ್ ಆಯಿತು, ಅವರಿದ್ದ ಹೋಟೆಲ್ ಬಾಗಿಲು ಹಾಕಿತು. ಇತ್ತ ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಮೈಸೂರಿಗೆ ತಂಗಿಯ ಮಗನ ಮುಂಜಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ನಮ್ಮ ಕಾಂಡೋದ, ಅಂದರೆ ಅಪಾರ್ಟ್‌ಮೆಂಟಿನ, ಮನೆಯಲ್ಲಿ ಒಂದು ರೂಮು ಖಾಲಿ, ಮಾತಾಡಲು ಗೋಡೆಗಳು ಮಾತ್ರ. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇವರ ಪಾಡು ಬರೆದರು. ನಾನು "ನಮ್ಮನೆಗೆ ಬರಲಿ" ಅಂದೆ. ಉಪಕಾರ ಗಿಪಕಾರ ಏನಲ್ಲ. ಒಂದು ವಾರದಿಂದ ನನ್ನದೇ ಅಡುಗೆ ತಿಂದು ತಿಂದು ಸಾಕಾಗಿತ್ತು.

ಬಂದವರು ಆರಡಿ ಎತ್ತರ, ಬಿದಿರು ಕೋಲಿನಂಥ ಮೈ. ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲು ತೊಳೆದು ಬಂದು, "ರೊಟ್ಟಿ ತಟ್ಟೂದು ನಂದು. ಸಾರು ನಿಮ್ದು. ಭಾಂಡಿ ಇಬ್ಬರೂ ತಿಕ್ಕೂಣು" ಎಂದು ಒಂದೇ ಉಸಿರಿನಲ್ಲಿ ಸಂಸಾರದ ಕರಾರು ಮುಗಿಸಿದರು.

ಊಟಕ್ಕೆ ಕೊರತೆ ಆಗಲಿಲ್ಲ, ತೊಂದರೆಯಾದದ್ದು ಅವರ ಕಾಲಿಗೆ. ಧಾರವಾಡದಲ್ಲಿ ದಿನಾ ಬೆಳಿಗ್ಗೆ ಕಾಲೇಜು ಮೈದಾನ ಸುತ್ತಿ ಬಂದೇ ಚಹಾ ಕುಡಿಯುವ ಮನುಷ್ಯ. ಇಲ್ಲಿ ಮನೆಯಿಂದ ಒಬ್ಬರು ಮಾತ್ರ, ಅದೂ ದಿನಸಿಗೆ ಮಾತ್ರ ಹೊರಗೆ ಹೋಗಬಹುದು. ಓಡುವಂತಿಲ್ಲ, ಅಡ್ಡಾಡುವಂತಿಲ್ಲ. ಲಿಫ್ಟಿನ ಗುಂಡಿ ಒತ್ತಲೂ ಜನ ಹಲ್ಲುಕಡ್ಡಿ ಹಿಡಿದುಕೊಂಡು ಹೋಗುತ್ತಿದ್ದ ಕಾಲ. ರಾಯರು ಬಾಲ್ಕನಿಯಲ್ಲಿ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕುತ್ತ ಝೂನಲ್ಲಿರುವ ಚಿರತೆಯ ಹಾಗೆ ಆಗಿಬಿಟ್ಟಿದ್ದರು.

ಆಗ ನಮ್ಮ ಕಾಂಡೋದ ಗುಂಪಿನಲ್ಲಿ ಒಂದು ಮೆಸೇಜು ಬಂತು. ಕೆಳಗಿನ ಮಹಡಿಯ ಲಿಮ್ ಆಂಟಿ ಆನ್‌ಲೈನಿನಲ್ಲಿ ಟ್ಯಾಂಗೋ ಕಲಿಸುತ್ತಾರಂತೆ, ಕಾಂಡೋದವರು ಯಾರು ಬೇಕಾದರೂ ಸೇರಬಹುದು. ಕೆಳಗೆ ಒಂದು ಸಾಲು: ನಡೆಯಲು ಬಂದರೆ ಟ್ಯಾಂಗೋ ಬರುತ್ತದೆ.

ರಾಯರ ಕಣ್ಣು ಅಗಲವಾಯಿತು. "ನಡಿಯೂದಂತ ನೋಡ್ರಿ! ಮನ್ಯಾಗ ನಡದ್ರ ಪೊಲೀಸ್ರು ಹಿಡಿಯೂದಿಲ್ಲ."

"ಅದು ಜೋಡಿ ಕುಣಿತ ಕಣ್ರೀ. ಗಂಡಸು ಹೆಂಗಸು ಕುಣಿಯೋದು."

"ನೀವ್ ಇದ್ದೀರಲ್ಲ."

ಹೀಗೆ ನಾನು ಹೆಂಗಸಾದೆ. ನನಗೆ ಇದು ಹೊಸದೇನೂ ಅಲ್ಲ. ಹೈಸ್ಕೂಲಿನ ನಾಟಕದಲ್ಲಿ ರಾಣಿಯ ಸಖಿಯಾಗಿ ಅತ್ತೆಯ ಮದುವೆ ಸೀರೆ ಉಟ್ಟು ಚಾಮರ ಬೀಸಿದ್ದೆ. ಬೀಸಿದ ರಭಸಕ್ಕೆ ರಾಣಿಯ ಕಿರೀಟ ಬಿತ್ತು, ಅದನ್ನು ಎತ್ತಲು ಬಗ್ಗಿದಾಗ ನನ್ನ ಸೀರೆ ಬಿತ್ತು. ಅತ್ತೆ ಮೊದಲ ಸಾಲಿನಲ್ಲಿ ಕೂತಿದ್ದಳು. ಸೀರೆಗೆ ಏನಾಯಿತು ಅನ್ನುವುದನ್ನು ಬಿಟ್ಟು ಅವಳು ಇನ್ನೇನೂ ಕೇಳಲಿಲ್ಲ.

ಲಿಮ್ ಆಂಟಿಗೆ ಎಪ್ಪತ್ತರ ಹತ್ತಿರ ಇರಬಹುದು. ಲಾಕ್‌ಡೌನಿನಲ್ಲಿ ಅವರ ಜೊತೆಗಾರ ಯಾರೂ ಬರುವಂತಿರಲಿಲ್ಲ, ಹಾಗಾಗಿ ಪರದೆಯ ಮೇಲೆ ಒಂದು ಪೊರಕೆ ಹಿಡಿದುಕೊಂಡು ಕಲಿಸುತ್ತಿದ್ದರು. ಪೊರಕೆಯ ಕತ್ತಿಗೊಂದು ಟೈ. ಮೊದಲ ದಿನ ಪರದೆಯ ಮೇಲೆ ನಮ್ಮಿಬ್ಬರ ಜೋಡಿ ಕಂಡು ರಾಯರು ನಾಚಿ ನನ್ನ ಕೈ ಬಿಟ್ಟಾಗ ಆಂಟಿ ಜೋರಾಗಿ ನಕ್ಕರು. "ವಾಟ್ ಶೈ ಲಾ! ಬಿಗಿನಿಂಗ್ ಆಲ್ಸೋ ಲೈಕ್ ದಿಸ್!"

ಆಮೇಲೆ ಕಥೆ ಹೇಳಿದರು. ಬ್ಯೂನಸ್ ಐರಿಸ್ ಎಂಬ ಬಂದರು. ಹಡಗು ಹಡಗಾಗಿ ಬಂದಿಳಿದ ಗಂಡಸರು, ದೇಶ ಒಂದೊಂದು, ಭಾಷೆ ಒಂದೊಂದು. ದುಡಿದು ನಾಲ್ಕು ದಿನದಲ್ಲಿ ಮನೆಗೆ ಹೋಗುತ್ತೇವೆ ಅಂದುಕೊಂಡು ಬಂದವರು, ಹೋಗಲಾಗದೆ ಉಳಿದವರು. ಹೆಂಗಸರು ಕಡಿಮೆ, ಕುಣಿತ ಬಾರದವನ ಜೊತೆ ಯಾರೂ ಕುಣಿಯುತ್ತಿರಲಿಲ್ಲ. ಹಾಗಾಗಿ ಗಂಡಸರು ಗಂಡಸರ ಜೊತೆ ಅಭ್ಯಾಸ ಮಾಡುತ್ತಿದ್ದರಂತೆ, ಮೊದಲು ಹೆಂಗಸಿನ ಹೆಜ್ಜೆ ಕಲಿತು, ಆಮೇಲೆ ಗಂಡಸಿನದು. ಟ್ಯಾಂಗೋ ಅನ್ನುವ ಹೆಸರು ಎಲ್ಲಿಂದ ಬಂತು ಅನ್ನುವುದು ಯಾರಿಗೂ ಖಚಿತವಾಗಿ ಗೊತ್ತಿಲ್ಲವಂತೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಸೇರಿ ಡೋಲು ಬಡಿಯುತ್ತಿದ್ದ ಜಾಗಕ್ಕೆ ಆ ಹೆಸರಿತ್ತು ಎನ್ನುತ್ತಾರೆ ಕೆಲವರು. ಎಲ್ಲಿಂದಲೋ ಬಂದವರು ಒಂದೆಡೆ ಸೇರುವ ಜಾಗ. ಪೆಟಾಲಿಂಗ್ ಜಯಾದ ನಮ್ಮ ಹಾಲ್ ಕೂಡ ಅಷ್ಟೇ ತಾನೆ ಅನ್ನಿಸಿತು ನನಗೆ.

"ಅವರೂ ಹಡಗು ತಪ್ಪಿಸಿಕೊಂಡವರು, ನಾವೂ ವಿಮಾನ ತಪ್ಪಿಸಿಕೊಂಡವರು" ಅಂದರು ರಾಯರು. "ಬರ್ರಿ, ಕೈ ಕೊಡ್ರಿ."

ಆಂಟಿ ಚರ್ಮದ ತಳದ ಬೂಟು ಹಾಕಿಕೊಳ್ಳಿ ಅಂದರು. ಮನೆಯೊಳಗೆ ಬೂಟು ಹಾಕಿಕೊಂಡು ತಿರುಗುವುದೇ? ರಾಯರು ಕಿವಿ ಮುಚ್ಚಿಕೊಂಡರು. ಬರಿಗಾಲಿನಲ್ಲಿ ಪಾದ ಟೈಲ್ಸಿಗೆ ಅಂಟಿಕೊಂಡು ತಿರುಗಲೇ ಇಲ್ಲ. ಕಾಲುಚೀಲ ಹಾಕಿದರೆ ನಾನು ಸೋಫಾದ ತನಕ ಜಾರಿಕೊಂಡು ಹೋದೆ. ಮಾರನೇ ದಿನ ರಾಯರು ತಮಿಳರ ದಿನಸಿ ಅಂಗಡಿಯಿಂದ ಈ ಡಬ್ಬಿ ತಂದರು. ಬೋರ್ಡು ಬೇಡವಾ ಅಂತ ಅಂಗಡಿಯವನು ಕೇಳಿದನಂತೆ. ಬೇಡ, ನೆಲಕ್ಕೆ ಹಾಕಲು ಅಂದರಂತೆ. ಅವನು ಡಬ್ಬಿಯನ್ನು ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡು ಮುಖ ನೋಡಿದನಂತೆ. ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ ಕೇರಂ ಬೋರ್ಡಿಗೆ, ಹಣೆಗೆ ಅಂಗಾರ ಇಡುವಷ್ಟೇ ಜಿಪುಣತನದಿಂದ, ಚಿಟಿಕೆ ಪೌಡರ್ ಉದುರಿಸುತ್ತಿದ್ದ. ರಾಯರು ರಂಗೋಲಿ ಹಾಕುವವರ ಹಾಗೆ ಧಾರಾಳವಾಗಿ ಎಳೆದರು. ಆ ಪುಡಿಯ ಮೇಲೆ ಪಾದ ಇಟ್ಟ ಕೂಡಲೇ ಸರ್ರನೆ ತಿರುಗಿತು. ಆಹಾ!

ಆದರೆ ಒಂದು ವಿಷಯದಲ್ಲಿ ರಾಯರು ಕೊನೆಯವರೆಗೂ ಜಗ್ಗಲಿಲ್ಲ. ಅದು ದಿಕ್ಕು.

ಟ್ಯಾಂಗೋ ಕುಣಿಯುವವರೆಲ್ಲ ಹಾಲಿನ ಸುತ್ತ ಒಂದೇ ದಿಕ್ಕಿನಲ್ಲಿ ಸಾಗಬೇಕು, ಇಲ್ಲದಿದ್ದರೆ ಡಿಕ್ಕಿಯಾಗುತ್ತದೆ. ಆ ದಿಕ್ಕು ಗಡಿಯಾರದ ಮುಳ್ಳಿಗೆ ಎದುರು. ನಮ್ಮ ಹಾಲಿನ ನಡುವೆ ಊಟದ ಮೇಜು. ಅದನ್ನು ಎಡಕ್ಕೆ ಇಟ್ಟುಕೊಂಡು ಸುತ್ತಬೇಕು. ನಾವು ದೇವಸ್ಥಾನದಲ್ಲಿ ಬಲಕ್ಕೆ ಸುತ್ತುವವರು. ಚಿಕ್ಕವನಿದ್ದಾಗ ಒಂದು ಸಲ ಗುಡಿಯಲ್ಲಿ ಉಲ್ಟಾ ಓಡಿ ಅಜ್ಜಿಗೆ ಎದುರಾಗಿ ನಿಂತಿದ್ದೆ. ತಮಾಷೆಗೆ. ಅಜ್ಜಿ ತೊಡೆ ಚಿವುಟಿದ ಉರಿ ಇನ್ನೂ ಇದೆ. "ಎಡಕ್ಕೆ ಸುತ್ತೋದು ಯಾವಾಗ ಗೊತ್ತೇನೋ?" ಅಂದಳು. ಗೊತ್ತಿರಲಿಲ್ಲ. ಕೆಲವು ವರ್ಷಗಳಾದ ಮೇಲೆ ಸ್ಮಶಾನದಲ್ಲಿ ಅಪ್ಪ ಹೆಗಲ ಮೇಲೆ ತೂತಿನ ಮಡಕೆ ಹೊತ್ತು, ನೀರು ಸುರಿಸುತ್ತ, ಅದೇ ಅಜ್ಜಿಯ ಸುತ್ತ ಎಡಕ್ಕೆ ಸುತ್ತಿದಾಗ ಗೊತ್ತಾಯಿತು.

"ಎಡಕ್ಕ ಬ್ಯಾಡ ನೋಡ್ರಿ" ಅಂದರು ರಾಯರು. "ಮನ್ಯಾಗ ದೀಪ ಹಚ್ಚತೇವಿ. ನಡುವ ಅನ್ನದ ಪಾತೇಲಿ ಇರ್ತದ. ಊರಾಗ ನಿಮ್ಮಾಕಿ, ನಮ್ಮಾಕಿ, ಹುಡುಗ್ರು, ಎಲ್ಲಾರೂ ಚಂದ ಇರಬೇಕು. ಎಡಕ್ಕ ನಾ ಒಲ್ಲೆ."

ನಾವು ಬಲಕ್ಕೆ ಸುತ್ತಿದೆವು. ಆಂಟಿ ಪರದೆಯೊಳಗಿನಿಂದ ಕೂಗಿದರು. "ಅಯ್ಯೋ! ವೈ ಯೂ ಟೂ ಗೋ ರಾಂಗ್ ವೇ ಲಾ?" ವಾರ ವಾರ ಕೂಗಿದರು. ಕೊನೆಗೆ ಸುಸ್ತಾಗಿ, "ಓಕೆ ಓಕೆ, ಇಂಡಿಯಾ ಟ್ಯಾಂಗೋ" ಎಂದು ಪೊರಕೆಯ ಕಡೆ ತಿರುಗಿಕೊಂಡರು.

ಇನ್ನು ವತ್ಸಲಾ ಅವರ ವಿಷಯ. ರಾಯರ ಹೆಂಡತಿ. ಧಾರವಾಡದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವರು. ಅಲ್ಲಿ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಆ ಪೇಟಿ ನುಡಿಸುವುದರಲ್ಲಿ ಅವರದು ಎತ್ತಿದ ಕೈ. ಒಂದು ಶನಿವಾರ ಆಂಟಿಯ ಕ್ಲಾಸ್ ನಡೆಯುತ್ತಿರುವಾಗ ವೀಡಿಯೋ ಕಾಲ್ ಮಾಡಿದರು. ಗಂಡ ಒಬ್ಬ ಗುಂಡು ಗಂಡಸಿನ ಸೊಂಟ ಹಿಡಿದು ನಿಂತದ್ದನ್ನು ನೋಡಿ ಕೂಗಿಕೊಳ್ಳಲಿಲ್ಲ, ನಗಲೂ ಇಲ್ಲ. "ಸುಮ್ನಿರ್ರಿ, ಸುಮ್ನಿರ್ರಿ ಸ್ವಲ್ಪ" ಅಂದರು. ಹಿಂದೆ ಬರುತ್ತಿದ್ದ ಸಂಗೀತ ಕೇಳುತ್ತಿದ್ದರು.

"ಇದು ನಮ್ಮ ಪೇಟಿನ ಅಲ್ಲೇನ್ರಿ? ಸಮುದ್ರ ದಾಟಿ ಹೋಗಿ ಅಳಲಿಕ್ಕೆ ಕಲತದ."

ನಾನು ಆಂಟಿಯನ್ನು ಕೇಳಿದೆ. ಅದು ಬ್ಯಾಂಡೋನಿಯನ್ ಅಂತೆ. ಎರಡು ಕೈಗಳ ನಡುವೆ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪೆಟ್ಟಿಗೆ. ದೊಡ್ಡ ಆರ್ಗನ್ ಇಡಲಾಗದ ಸಣ್ಣ ಚರ್ಚುಗಳಿಗಾಗಿ ಜರ್ಮನಿಯಲ್ಲಿ ಮಾಡಿದ್ದಂತೆ. ಹಡಗಿನಲ್ಲಿ ಹೋಗಿ ಆ ಬಂದರಿನಲ್ಲಿ ಇಳಿದು, ಪ್ರಾರ್ಥನೆ ಬಿಟ್ಟು ಮನೆಬಿಟ್ಟವರ ದುಃಖ ಹಾಡತೊಡಗಿತಂತೆ. ನಮ್ಮ ಹಾರ್ಮೋನಿಯಂ ಕೂಡ ಪರದೇಶದವರ ಹಡಗಿನಲ್ಲೇ ಬಂದು ನಮ್ಮ ಭಜನೆಗೆ ಕೂತದ್ದು. ಒಳಗಿನ ತಂತ್ರ ಒಂದೇ. ಗಾಳಿ ನುಗ್ಗಿದರೆ ಲೋಹದ ನಾಲಿಗೆ ನಡುಗುತ್ತದೆ. ವತ್ಸಲಾ ಅವರಿಗೆ ಇದನ್ನು ಹೇಳಿದಾಗ, "ಮತ್ತ ನಾ ಅಂದಿಲ್ಲೇನು?" ಅಂದರು.

ಅವತ್ತಿನಿಂದ ಅವರು ಕಿವಿಯಲ್ಲೇ ಕೇಳಿ ಆ ಧಾಟಿಗಳನ್ನು ಪೇಟಿಯ ಮೇಲೆ ಹುಡುಕತೊಡಗಿದರು. ದಿನಾ ಫೋನು. ನನ್ನನ್ನು ಕರೆಯುತ್ತಿದ್ದದ್ದು ಸವತಿ ಅಂತ.

"ಏನ್ರೀ ಸವತಿಯವರ, ಆರಾಮೇನು? ನಮ್ಮವರು ಕಾಲು ತುಳದು ತುಳದು ಉಗುರು ಉಳಿಸ್ಯಾರೋ ಇಲ್ಲೋ?"

"ಹೆಬ್ಬೆರಳು ಹೋಯ್ತು ಕಣ್ರೀ. ನಿಮ್ಮ ಯಜಮಾನ್ರನ್ನ ಬೇಗ ವಾಪಸ್ ಕರೆಸ್ಕೊಳ್ಳಿ, ನನಗೆ ಈ ಸಂಸಾರ ಸಾಕು."

"ಬರ್ತಾರ ತಡೀರಿ. ಬಂದ ಮ್ಯಾಲೆ ನಮ್ಮ ಪಡಸಾಲ್ಯಾಗ ನನ್ನ ಪೇಟಿಗೆ ಇವರು ಕುಣೀಬೇಕು. ಹಂಗಂತ ಮಾತು ಕೊಟ್ಟಾರ."

ರಾಯರು ಹಿಂದಿನಿಂದ ಕೂಗಿದರು. "ಲೇ, ನೀ ಪೇಟಿ ಮುಂದ ಕೂತ್ರ ನಾ ಯಾರ ಜೋಡಿ ಕುಣೀಲಿ?"

ಆ ಕಡೆ ಬಳೆಗಳು ಸದ್ದು ಮಾಡಿದವು, ಸೆರಗು ಸರಿಮಾಡಿಕೊಂಡ ಹಾಗೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ನಾಚಿಕೊಂಡಿದ್ದನ್ನು ನಾನು ಫೋನಿನಲ್ಲಿ ಕೇಳಿದೆ. ಆಮೇಲೆ, "ಹಂಗಾದ್ರ ಮೊದಲ ಬಾರಿಸಿ ಫೋನಿನ್ಯಾಗ ತುಂಬಿ ಇಡ್ತೀನಿ. ಅದನ್ನ ಹಚ್ಚಿ ಇಬ್ಬರೂ ಕುಣಿಯೂಣು. ಸವತಿಯವರ, ಹೆಂಗಸಿನ ಹೆಜ್ಜಿ ನನಗ ಕಲಸ್ರಿ."

ಕಲಿಸಿದೆ. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಇಟ್ಟು ನಾನು ಇಲ್ಲಿ ಹಿಂದೆ ಹಿಂದೆ ನಡೆದೆ, ಅವರು ಧಾರವಾಡದಲ್ಲಿ ಸೀರೆ ಸ್ವಲ್ಪ ಎತ್ತಿ ಹಿಡಿದು ಹಿಂದೆ ಹಿಂದೆ ನಡೆದರು. ಟ್ಯಾಂಗೋದಲ್ಲಿ ಹೆಂಗಸಿಗೆ ಅದೇ ಕೆಲಸ, ಕಣ್ಣು ಮುಚ್ಚಿ ಹಿಂದಕ್ಕೆ ನಡೆಯುವುದು.

"ಹಿಂದ ನಡಿಯೂ ಹೆಂಗಸಿಗೆ ಎಲ್ಲಿಗೆ ಹೊಂಟೀನಿ ಅಂತ ಹೆಂಗ ತಿಳೀತದ್ರಿ?" ಎಂದು ಕೇಳಿದರು.

"ಎದುರಿಗಿರೋರ ಎದೆ ತಿಳಿಸುತ್ತೆ ಅಂತಾರೆ ಆಂಟಿ. ನನಗೆ ಮಾತ್ರ ಫ್ರಿಜ್ಜು ತಿಳಿಸುತ್ತೆ. ಬೆನ್ನಿಗೆ ತಣ್ಣಗೆ ತಾಗಿದ್ರೆ ತಿರುಗಬೇಕು ಅಂತ ಅರ್ಥ."

ಅವರು ನಕ್ಕ ನಗು! ಕುಕ್ಕರಿನ ಸೀಟಿ ಅದರೊಳಗೆ ಮುಳುಗಿಹೋಯಿತು.

ಯಂತ್ರದ ಕೆಲಸ ಎಳೆಯುತ್ತಲೇ ಹೋಯಿತು. ಫ್ಯಾಕ್ಟರಿ ತೆರೆಯುವುದು, ಮುಚ್ಚುವುದು, ಬಿಡಿಭಾಗ ಬಂದರಿನಲ್ಲಿ ಕೂರುವುದು. ಊರಿಗೆ ಹೋದರೆ ತಿರುಗಿ ಒಳಗೆ ಬಿಡುವುದಿಲ್ಲ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ವರ್ಷ ದಾಟಿತು. ಯುಗಾದಿಯ ಹೊತ್ತಿಗೆ ಯಂತ್ರ ಓಡಿತು, ರಾಯರು ಟಿಕೆಟ್ ಮಾಡಿಸಿದರು. ವತ್ಸಲಾ ಅವರು ತಮಗೆ ಸೀರೆ ಬೇಡ, ಕುಣಿಯಲು ಸರಿಯಾಗುವ ಒಂದು ಜೊತೆ ಮೆತ್ತನೆಯ ಚಪ್ಪಲಿ ಸಾಕು ಅಂದಿದ್ದರು. ಅದು ಬಂತು. ವಿಮಾನ ರದ್ದಾಯಿತು. ಇನ್ನೊಂದು ಟಿಕೆಟ್, ಅದೂ ರದ್ದು. ಊರಿನಲ್ಲಿ ಎರಡನೆಯ ಅಲೆ ಏಳುತ್ತಿತ್ತು.

ಆ ವಾರದಲ್ಲೇ ವತ್ಸಲಾ ಅವರು ಪೇಟಿ ನುಡಿಸಿದ್ದನ್ನು ಫೋನಿನಲ್ಲಿ ತುಂಬಿ ಕಳಿಸಿದ್ದು. ಜೊತೆಗೆ ಒಂದು ಮೆಸೇಜು: ಇದು ಬರೇ ರಿಹರ್ಸಲ್, ನಡುವ ತಪ್ಪೇದ, ಛಲೋದು ನಾಳೆ ಕಳಸ್ತೀನಿ. ಮಾರನೇ ದಿನ ಅವರಿಗೆ ಜ್ವರ. "ಗಂಟಲು ಕೆರೀತದ, ಅಷ್ಟ" ಅಂದರು. ಅದಾದ ಮೇಲೆ ಫೋನಿನಲ್ಲಿ ಮಾತಾಡಿದ್ದು ಮಗ. ಹಾಸಿಗೆ ಸಿಕ್ಕಿತು ಅಂದ. ಆಕ್ಸಿಜನ್ ಸಿಕ್ಕಿತು ಅಂದ. ಆಮೇಲೆ ಒಂದು ಮಧ್ಯಾಹ್ನ ಫೋನು ಬಂದಾಗ ರಾಯರು ಸೌತೆಕಾಯಿ ಹೆಚ್ಚುತ್ತಿದ್ದರು. ಸ್ಪೀಕರಿನಲ್ಲೇ ಕೇಳಿದರು. ಹುಡುಗ "ಅಪ್ಪಾ" ಅಂದ, ಅಷ್ಟೇ. ರಾಯರು ಉಳಿದ ಸೌತೆಕಾಯಿ ಪೂರ್ತಿ ಹೆಚ್ಚಿ, ಚಾಕು ತೊಳೆದಿಟ್ಟು, ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಒದ್ದೆ ಮೈಯಲ್ಲೇ ಬಂದು ಹಾಲಿನ ನೆಲದ ಮೇಲೆ ಕೂತರು. ನಾನು ಟವೆಲು ಹಿಡಿದುಕೊಂಡು ನಿಂತಿದ್ದೆ. ಒರೆಸಲೋ ಬೇಡವೋ ತಿಳಿಯಲಿಲ್ಲ. ಹೆಗಲ ಮೇಲೆ ಕೈ ಇಟ್ಟೆ. ಟ್ಯಾಂಗೋ ಅಭ್ಯಾಸ ಮಾಡುವಾಗ ಇಡುತ್ತಿದ್ದೆನಲ್ಲ, ಅದೇ ಜಾಗ. ಬೇರೆ ಎಲ್ಲಿ ಇಡಬೇಕೋ ನನ್ನ ಕೈಗೆ ಗೊತ್ತಿರಲಿಲ್ಲ.

ಮೂರನೆಯ ದಿನ ರಾಯರು ಚಹಾ ಲೋಟ ಹಿಡಿದುಕೊಂಡು ಹೇಳಿದರು.

"ಆಕೀಗೆ ಯಾರೂ ಸುತ್ತಿಲ್ಲಂತ್ರಿ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆಸ್ಪತ್ರಿಯಿಂದ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಒಯ್ದಾರ. ಹುಡುಗನ್ನ ಗೇಟಿನ ಹೊರಗ ನಿಲ್ಲಿಸ್ಯಾರ. ಮಡಿಕಿ ಇಲ್ಲ, ನೀರಿಲ್ಲ. ಯಾರೂ ಒಂದು ಸುತ್ತು ಹಾಕಿಲ್ಲಂತ. ಹಂಗ ಹೋಗ್ಯಾಳ."

ನಾನು ಏನೋ ಸಮಾಧಾನ ಹೇಳಲು ಹೊರಟೆ. ಎಲ್ಲರಿಗೂ ಹಾಗೇ ಆಗಿದೆ ಕಣ್ರೀ, ಅಂತ. ದೇವರ ದಯೆ, ಬಾಯಿಂದ ಹೊರಗೆ ಬರಲಿಲ್ಲ.

ಶನಿವಾರ ಮಧ್ಯಾಹ್ನ ಆಂಟಿಯ ಕ್ಲಾಸು. ನಾನು ಮರೆತೇ ಬಿಟ್ಟಿದ್ದೆ. ರಾಯರು ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಹೊರಗೆ ಬಂದರು. ಲ್ಯಾಪ್‌ಟಾಪ್ ತೆರೆದರು. ಅನ್ನದ ಪಾತೇಲಿ, ಉಪ್ಪಿನ ಭರಣಿ, ನೀರಿನ ಜಗ್ಗು ಎಲ್ಲ ಎತ್ತಿ ಮೇಜು ಖಾಲಿ ಮಾಡಿದರು. ಒಳಗಿನಿಂದ ಆ ಮೆತ್ತನೆಯ ಚಪ್ಪಲಿ ತಂದು ಖಾಲಿ ಮೇಜಿನ ನಡುವೆ ಇಟ್ಟರು. ಊಟದ ಮೇಜಿನ ಮೇಲೆ ಚಪ್ಪಲಿ. ಬೂಟು ಹಾಕಿಕೊಳ್ಳಿ ಅಂದದ್ದಕ್ಕೆ ಕಿವಿ ಮುಚ್ಚಿಕೊಂಡ ಮನುಷ್ಯ.

"ಪೌಡರ್ ಹಾಕ್ರಿ, ಶ್ರೀಕಂಠ" ಅಂದರು.

ಹಾಕಿದೆ. ಆಂಟಿಗೆ ನಾವು ಏನನ್ನೂ ಹೇಳಿರಲಿಲ್ಲ. ಅವರು ಎಂದಿನಂತೆ ಪೊರಕೆಗೆ ಟೈ ಬಿಗಿಯುತ್ತಿದ್ದರು. "ಮೇಡಂ, ಟುಡೇ ಅವರ್ ಓನ್ ಮ್ಯೂಸಿಕ್" ಎಂದು ರಾಯರು ಫೋನನ್ನು ಚಪ್ಪಲಿಯ ಪಕ್ಕ ಇಟ್ಟು ಒತ್ತಿದರು. ಪೇಟಿಯ ಗಾಳಿ ತುಂಬಿಕೊಳ್ಳುವ ಸದ್ದು ಮೊದಲು ಬಂತು, ಯಾರೋ ಮಾತಾಡುವ ಮುಂಚೆ ಉಸಿರು ಎಳೆದುಕೊಂಡ ಹಾಗೆ. ಆಮೇಲೆ ಧಾಟಿ.

ನಾನು ಕಣ್ಣು ಮುಚ್ಚಿಕೊಂಡೆ. ರಾಯರು ಹೆಜ್ಜೆ ಇಟ್ಟರು, ನಾನು ಹಿಂದಕ್ಕೆ ನಡೆದೆ. ಇನ್ನೇನು ಫ್ರಿಜ್ಜು ಬೆನ್ನಿಗೆ ತಾಗಬೇಕು. ತಾಗಲಿಲ್ಲ. ಬೆನ್ನಿಗೆ ತಾಗಿದ್ದು ಕಿಟಕಿಯ ಬಿಸಿಲು. ಆಗ ಗೊತ್ತಾಯಿತು, ನಾವು ಎಡಕ್ಕೆ ಸುತ್ತುತ್ತಿದ್ದೇವೆ ಅಂತ.

ಒಂದು ಸುತ್ತು ಮುಗಿಯಿತು. ರಾಯರ ಎದೆ ನನ್ನ ಎದೆಗೆ ತಾಗಿ ನಡುಗುತ್ತಿತ್ತು, ಆದರೆ ಹೆಜ್ಜೆ ತಪ್ಪಲಿಲ್ಲ. ಒಮ್ಮೆಯೂ ನನ್ನ ಕಾಲು ತುಳಿಯಲಿಲ್ಲ. ಪರದೆಯೊಳಗಿನಿಂದ ಆಂಟಿಯ ಚಪ್ಪಾಳೆ ಕೇಳಿತು.

"ಫೈನಲೀ! ಕರೆಕ್ಟ್ ಆಲ್ರೆಡಿ! ಸೋ ಲಾಂಗ್ ಐ ಟೆಲ್ ಯೂ ಟೂ!"

ಇನ್ನೊಂದು ಸುತ್ತು. ಪಾಪ, ಆಂಟಿ ಖುಷಿಯಲ್ಲಿ ನಮ್ಮ ಲಯಕ್ಕೆ ತಾವೂ ಪೊರಕೆ ಹಿಡಿದು ಸುತ್ತುತ್ತಿದ್ದರು. ಮೂರನೆಯ ಸುತ್ತಿನ ನಡುವೆ ಪೇಟಿಯಲ್ಲಿ ಒಂದು ಸ್ವರ ಜಾರಿತು. ಸಂಗೀತ ನಿಂತಿತು. ಕುಕ್ಕರ್ ಎಲ್ಲೋ ದೂರದಲ್ಲಿ ಕೂಗಿತು. ಆಮೇಲೆ ವತ್ಸಲಾ ಅವರ ದನಿ.

"ಅಯ್ಯ, ತಪ್ತು. ತಡೀರಿ, ಮತ್ತ ಬಾರಸ್ತೀನಿ."

ಅಷ್ಟಕ್ಕೆ ರೆಕಾರ್ಡಿಂಗ್ ಮುಗಿದಿತ್ತು.

ರಾಯರು ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ. ಎತ್ತಿದ ಹೆಜ್ಜೆ ಎಲ್ಲಿತ್ತೋ ಅಲ್ಲೇ ನಿಂತೆವು.

"ವೈ ಸ್ಟಾಪ್?" ಎಂದು ಕೇಳಿದರು ಆಂಟಿ. "ಮ್ಯೂಸಿಕ್ ಫಿನಿಶ್ ಆಲ್ರೆಡಿ?"

"ಇಲ್ಲ ಮೇಡಂ, ಮುಗದಿಲ್ಲ" ಅಂದರು ರಾಯರು, ಆಂಟಿಗೆ, ಕನ್ನಡದಲ್ಲಿ. "ತಡೀರಿ ಅಂದಾಳ."

ಲಿಮ್ ಆಂಟಿಗೆ ಕನ್ನಡ ಬರುವುದಿಲ್ಲ. ನಮ್ಮಿಬ್ಬರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೊರಕೆಯನ್ನು ಎದೆಗೆ ಹಿಡಿದುಕೊಂಡು ಅವರೂ ನಿಂತರು.